ಸೀಕ್ ಮಾಡಿದರೆ ಮಾಯವಾಗುತ್ತಿದ್ದ ಬಗ್

ನಾನು ಒಂದು ಓಪನ್ ಸೋರ್ಸ್ ಮೀಡಿಯಾ ಪ್ಲೇಯರ್‌ನ ಆಡಿಯೋ ಭಾಗ ನೋಡಿಕೊಳ್ಳುತ್ತೇನೆ. ಹೊಸ ಫೀಚರ್ ಬರೆಯುವ ದಿನಗಳು ಕಡಿಮೆ. ಬಗ್ ರಿಪೋರ್ಟ್ ಓದುವುದು, ಒಂದೇ ತೊಂದರೆಗೆ ಬಂದ ನಾಲ್ಕು ರಿಪೋರ್ಟ್‌ಗಳನ್ನು ಒಟ್ಟಿಗೆ ಸೇರಿಸುವುದು, ಬೇರೆಯವರು ಕೋಡ್‌ಗೆ ಮಾಡಿದ ತಿದ್ದುಪಡಿ, ಅಂದರೆ ಪ್ಯಾಚ್, ರಿವ್ಯೂ ಮಾಡುವುದು, ತಪ್ಪು ನಾವು ಬಳಸುವ ಲೈಬ್ರರಿಯಲ್ಲಿದ್ದರೆ ಅವರಿಗೆ ತಿಳಿಸುವುದು. ದಿನ ಹೀಗೇ ಕಳೆಯುತ್ತದೆ.

"ಪ್ಲೇಯರ್ ಚೆನ್ನಾಗೇ ಓಡ್ತಿದೆಯಲ್ಲ, ಇನ್ನೇನು ಕೆಲಸ ಇರುತ್ತೆ?" ಅಂತ ಸ್ನೇಹಿತರು ಕೇಳುತ್ತಾರೆ. ವಿಎಲ್‌ಸಿ ಪ್ಲೇಯರ್ 1996ರಲ್ಲಿ ಪ್ಯಾರಿಸ್‌ನ ಒಂದು ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಯಿತು. ಆಡಿಯೋ, ವಿಡಿಯೋ ಫೈಲ್‌ಗಳನ್ನು ಓದಿ ಬರೆಯುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್ ಶುರುವಾಗಿದ್ದು 2000ದಲ್ಲಿ. ಎರಡರಲ್ಲೂ ಇವತ್ತಿಗೂ ಕೆಲಸ ನಿಂತಿಲ್ಲ. ವಿಡಿಯೋ ಫೈಲ್ ತಯಾರಿಸುವ ಸಾಫ್ಟ್‌ವೇರ್‌ಗಳು ಲೆಕ್ಕವಿಲ್ಲದಷ್ಟಿವೆ, ಒಂದೊಂದಕ್ಕೂ ಒಂದೊಂದು ಅಭ್ಯಾಸ. ಪ್ಲೇಯರ್ ಮಾತ್ರ ಎಲ್ಲವನ್ನೂ ಓಡಿಸಬೇಕು. ಫೈಲ್ ತಪ್ಪಾಗಿದ್ದರೂ ಜನ ಬೈಯುವುದು ಪ್ಲೇಯರನ್ನೇ, ಅಲ್ವಾ?

ಈಗ ಹೇಳಹೊರಟಿರುವ ಬಗ್‌ನಲ್ಲಿ ಫೈಲ್‌ನ ತಪ್ಪೇನೂ ಇರಲಿಲ್ಲ. ತಪ್ಪು ನಮ್ಮದು, ಸರಿಯಾಗಿ ಹೇಳಬೇಕೆಂದರೆ ನನ್ನದು. ಅದನ್ನು ಹುಡುಕಲು ನಾಲ್ಕು ತಿಂಗಳು ಬೇಕಾಯಿತು. ಕೊನೆಗೆ ಬದಲಾಗಿದ್ದು ಆರು ಸಾಲು.

ರಿಪೋರ್ಟ್ ತುಂಬಾ ಚಿಕ್ಕದಾಗಿತ್ತು. "ಶುರುವಿನಲ್ಲಿ ಎಲ್ಲ ಸರಿ ಇರುತ್ತದೆ. ಒಂದು ಗಂಟೆ ಆದ ಮೇಲೆ ಮಾತು ಮೊದಲು ಕೇಳುತ್ತದೆ, ತುಟಿ ಆಮೇಲೆ ಅಲ್ಲಾಡುತ್ತದೆ. ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ನೋಡಿದರೆ ಸರಿಹೋಗುತ್ತದೆ." ಅಷ್ಟೇ. ಜೊತೆಗೆ ಪ್ಲೇಯರ್‌ನ ಆವೃತ್ತಿ, ಫೈಲ್‌ನ ವಿವರ: ಎಂಕೆವಿ (ವಿಡಿಯೋ, ಆಡಿಯೋ ಒಟ್ಟಿಗೆ ಇಡುವ ಫೈಲ್ ಬಗೆ), ಎಎಸಿ (ಧ್ವನಿಯನ್ನು ಕುಗ್ಗಿಸಿಡುವ ಒಂದು ವಿಧಾನ) ಆಡಿಯೋ, 48,000 ಹರ್ಟ್ಸ್.

ಆ ಮೂರು ಮಾತಿನಲ್ಲಿ ನನಗೆ ಬೇಕಾದ್ದೆಲ್ಲಾ ಇತ್ತು. ನಾನು ಅದನ್ನು ಓದಿದೆ, ಆದರೆ ಮನಸ್ಸಿಟ್ಟು ಓದಲಿಲ್ಲ.

ನನಗೆ ಮೊದಲು ಹೊಳೆದದ್ದು ಸೌಂಡ್ ಕಾರ್ಡ್. ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಅಷ್ಟು ಅಳತೆ, ನುಡಿಸುತ್ತೇನೆ ಅಂತ ಹೇಳಿಕೊಂಡರೂ ಒಳಗಿನ ಹರಳಿನ ಗಡಿಯಾರ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ಒಂದಿಷ್ಟು ಆಚೀಚೆ ಓಡುತ್ತದೆ. "ನಿಮ್ಮ ಸೌಂಡ್ ಕಾರ್ಡ್‌ನ ತೊಂದರೆ ಇರಬೇಕು" ಅಂತ ಬರೆದು ಟಿಕೆಟ್ (ಆ ದೂರಿನ ಕಡತ) ಮುಚ್ಚಿದೆ. ಸ್ವಲ್ಪ ಯೋಚಿಸಿದ್ದರೆ ಆ ಉತ್ತರ ಸರಿಯಲ್ಲ ಅಂತ ನನಗೇ ಗೊತ್ತಾಗುತ್ತಿತ್ತು. ನಮ್ಮ ಪ್ಲೇಯರ್‌ನಲ್ಲಿ ಯಜಮಾನಿಕೆ ಆಡಿಯೋ ಗಡಿಯಾರದ್ದೇ. ಆಡಿಯೋ ಎಲ್ಲಿಗೆ ಬಂದಿದೆ ಅಂತ ನೋಡಿಕೊಂಡು ವಿಡಿಯೋ ಫ್ರೇಮ್ ತೋರಿಸುತ್ತೇವೆ. ಸೌಂಡ್ ಕಾರ್ಡ್ ನಿಧಾನವಾದರೆ ವಿಡಿಯೋನೂ ಅದರ ಜೊತೆಗೇ ನಿಧಾನವಾಗುತ್ತದೆ. ಅವೆರಡರ ನಡುವೆ ಅಂತರ ಬೀಳುವುದಿಲ್ಲ.

ಹತ್ತು ದಿನ ಬಿಟ್ಟು ಅವರು ಮತ್ತೆ ಬಂದರು. ಬೇರೆ ಕಂಪ್ಯೂಟರ್‌ನಲ್ಲೂ ನೋಡಿದ್ದರು, ಅಲ್ಲೂ ಹಾಗೇ. ಈ ಸಲ ನಾನೂ ಪರೀಕ್ಷೆ ಮಾಡಿದೆ. ಎಎಸಿ ಇರುವ ಎರಡು ಗಂಟೆಯ ಫೈಲ್ ತೆಗೆದೆ, ನೇರವಾಗಿ ಒಂದೂವರೆ ಗಂಟೆಯ ಜಾಗಕ್ಕೆ ಹೋದೆ, ಹತ್ತು ನಿಮಿಷ ನೋಡಿದೆ. ತುಟಿಗೂ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. "ನಮ್ಮಲ್ಲಿ ಹೀಗಾಗುತ್ತಿಲ್ಲ" ಅಂತ ಬರೆದು ಎರಡನೇ ಸಲ ಮುಚ್ಚಿದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಮೂರನೇ ಸಲ ಬರೆದಾಗ ಒಂದು ವಿಷಯ ಹೇಳಿದರು. ಅವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಕೇಳಿದಷ್ಟು ಕೇಳಿ, ಉಳಿದದ್ದನ್ನು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. "ಉಳಿದವರಿಗೆ ಇದು ಗೊತ್ತಾಗದೇ ಇರಬಹುದು, ನನಗೆ ಮಾತೇ ತಪ್ಪಿಹೋಗುತ್ತದೆ" ಅಂತ ಬರೆದಿದ್ದರು. ಅದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಎರಡು ಸಲ ಬಾಗಿಲು ಹಾಕಿದ್ದೆನಲ್ಲ ಅನ್ನಿಸಿತು. ಟಿಕೆಟ್ ಮತ್ತೆ ತೆರೆದು ನನ್ನ ಹೆಸರಿಗೇ ಹಾಕಿಕೊಂಡೆ.

ಅವರ ಫೈಲ್ ಪೂರ್ತಿ ಕಳಿಸುವಂತಿರಲಿಲ್ಲ. ಅದಕ್ಕೆ ಐದು ನಿಮಿಷದ ತುಣುಕು ಕತ್ತರಿಸಿ ಕಳಿಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಬೇರೆ ಬೇರೆ ಫೈಲ್ ಹಾಕಿ ನೋಡಲು ಹೇಳಿದೆ. ಅವರು ಪಾಪ, ಒಂದು ವಾರ ಕೂತು ನೋಡಿದರು. ಎಎಸಿಯ ಹಾಗೇ ಇನ್ನೊಂದು ವಿಧಾನವಾದ ಎಸಿ-3 ಆಡಿಯೋ ಇದ್ದರೆ ಎರಡು ಗಂಟೆಯಾದರೂ ತೊಂದರೆಯಿಲ್ಲ. ಓಪಸ್ ಇದ್ದರೂ ಇಲ್ಲ. ಎಎಸಿ ಇದ್ದರೆ ಮಾತ್ರ ತೊಂದರೆ.

ಇದನ್ನು ಕೇಳಿದ ಯಾರಾದರೂ ಏನಂದುಕೊಳ್ಳುತ್ತಾರೆ? ಎಎಸಿ ಡಿಕೋಡರ್, ಅಂದರೆ ಅದನ್ನು ಬಿಡಿಸಿ ಧ್ವನಿ ಮಾಡುವ ಕೋಡ್, ಕೆಟ್ಟಿದೆ ಅಂತ. ನಾನೂ ಹಾಗೇ ಅಂದುಕೊಂಡೆ. ಎರಡು ವಾರ ಆ ಡಿಕೋಡರ್‌ನೊಳಗೆ ಕಳೆದೆ. ಒಳಗೆ ಹೋದಷ್ಟೇ ಸ್ಯಾಂಪಲ್ ಹೊರಗೆ ಬರುತ್ತಿತ್ತು, ಒಂದೂ ಕಳೆದುಹೋಗುತ್ತಿರಲಿಲ್ಲ. ಡಿಕೋಡರ್ ತಪ್ಪು ಮಾಡಿರಲಿಲ್ಲ.

ಗಿಟ್ ಬೈಸೆಕ್ಟ್ ಮಾಡೋಣ ಅನ್ನಿಸಿತು. ಗಿಟ್ ಕೋಡ್‌ನ ಪ್ರತಿ ಬದಲಾವಣೆಯನ್ನೂ ಒಂದೊಂದು ಕಮಿಟ್ ಆಗಿ ದಾಖಲಿಸುತ್ತದೆ, ತಪ್ಪು ತಂದ ಕಮಿಟ್ ಯಾವುದು ಅಂತ ಹುಡುಕಲು ಬೈಸೆಕ್ಟ್. ಸಾವಿರ ಕಮಿಟ್ ಇದ್ದರೂ ಅರ್ಧರ್ಧ ಮಾಡುತ್ತಾ ಹೋದರೆ ಹತ್ತು ಪರೀಕ್ಷೆಯಲ್ಲಿ ತಪ್ಪು ಕಮಿಟ್ ಸಿಗುತ್ತದೆ. ಆದರೆ ಇಲ್ಲಿ ಒಂದೊಂದು ಪರೀಕ್ಷೆಗೂ ಒಂದು ಗಂಟೆ. ಅದಕ್ಕಿಂತ ಮುಖ್ಯವಾಗಿ, ತೊಂದರೆಯನ್ನು ನಾನು ಇನ್ನೂ ಕಣ್ಣಾರೆ ಕಂಡೇ ಇರಲಿಲ್ಲ.

ಆಗ ಮೊದಲ ರಿಪೋರ್ಟ್‌ಗೆ ವಾಪಸ್ ಹೋಗಿ ನಿಧಾನವಾಗಿ ಓದಿದೆ. "ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ನೋಡಿದರೆ ಸರಿಹೋಗುತ್ತದೆ." ಹಿಂದಕ್ಕೆ ಹೋಗುವುದು ಅಂದರೆ ಸೀಕ್, ಫೈಲ್‌ನಲ್ಲಿ ಬೇರೆ ಜಾಗಕ್ಕೆ ಹಾರುವುದು. ನಾನು ಪರೀಕ್ಷೆ ಮಾಡುವಾಗ ಒಂದೂವರೆ ಗಂಟೆಗೆ ಹಾರಿದ್ದೆನಲ್ಲ, ಅದೂ ಸೀಕೇ. ಅವರು ಬಗ್ ಹೋಗಿಸಿಕೊಳ್ಳಲು ಮಾಡುತ್ತಿದ್ದ ಕೆಲಸವನ್ನೇ ಮಾಡಿ ನಾನು ಬಗ್ ಹುಡುಕುತ್ತಿದ್ದೆ. ಕತ್ತರಿಸಿದ ತುಣುಕಿನಲ್ಲೂ ಅಷ್ಟೇ, ಗಡಿಯಾರ ಮೊದಲಿನಿಂದ ಶುರುವಾಗುತ್ತಿತ್ತು.

ಮರುದಿನ ಎಫ್‌ಎಫ್‌ಎಂಪೆಗ್ ಬಳಸಿ ಎರಡು ಗಂಟೆಯ ಒಂದು ಪರೀಕ್ಷಾ ವಿಡಿಯೋ ತಯಾರಿಸಿದೆ. ನಿಮಿಷಕ್ಕೊಮ್ಮೆ ಪರದೆ ಬೆಳ್ಳಗೆ ಮಿನುಗುತ್ತದೆ, ಅದೇ ಹೊತ್ತಿಗೆ ಒಂದು ಬೀಪ್. ಪ್ಲೇಯರ್‌ನ ಗಡಿಯಾರ ಎಷ್ಟು ತೋರಿಸುತ್ತಿದೆ, ಫೈಲ್‌ನಲ್ಲಿ ಬರೆದಿಟ್ಟ ಸಮಯ, ಅಂದರೆ ಟೈಮ್‌ಸ್ಟ್ಯಾಂಪ್, ಎಷ್ಟು ಹೇಳುತ್ತಿದೆ, ಎರಡರ ವ್ಯತ್ಯಾಸ ಎಷ್ಟು ಅಂತ ಲಾಗ್‌ಗೆ ಬರೆಯುವ ಒಂದು ಸಾಲು ಸೇರಿಸಿದೆ. ಪ್ಲೇ ಒತ್ತಿ, ಕೀಬೋರ್ಡ್ ದೂರ ತಳ್ಳಿ, ಕೈಕಟ್ಟಿ ಕೂತೆ.

ಹತ್ತು ನಿಮಿಷಕ್ಕೆ 9 ಮಿಲಿಸೆಕೆಂಡ್ ವ್ಯತ್ಯಾಸ. ಇಪ್ಪತ್ತಕ್ಕೆ 19. ಅರ್ಧ ಗಂಟೆಗೆ 28. ಒಂದು ಗಂಟೆಗೆ 56. ಅಷ್ಟರಲ್ಲಿ ಬೀಪ್ ಮೊದಲು ಬಂದು ಮಿನುಗು ಹಿಂದೆ ಬೀಳುತ್ತಿರುವುದು ನನಗೂ ಗೊತ್ತಾಗತೊಡಗಿತ್ತು. ಟಿವಿ ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಮಾಡಿರುವ ಶಿಫಾರಸಿನ ಪ್ರಕಾರ ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ನೋಡುವವರಿಗೆ ತಿಳಿಯುತ್ತದೆ. ಧ್ವನಿ ಹಿಂದೆ ಬಿದ್ದರೆ ಸುಮಾರು 125ರವರೆಗೂ ತಿಳಿಯುವುದಿಲ್ಲ. ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರೆ ಏಟು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ನಮಗೆ ಅದು ಹುಟ್ಟಿನಿಂದ ಅಭ್ಯಾಸ. ಸದ್ದು ಮೊದಲು ಬರುವುದು ಮಾತ್ರ ಪ್ರಪಂಚದಲ್ಲಿ ಎಲ್ಲೂ ಇಲ್ಲ. "ಒಂದು ಗಂಟೆ ಆದ ಮೇಲೆ" ಅಂತ ಅವರು ಬರೆದದ್ದು ಎಷ್ಟು ಸರಿಯಾಗಿತ್ತು ಅಂತ ಆಗ ಅರ್ಥವಾಯಿತು.

ಅಂಕಿಗಳು ಹತ್ತು ನಿಮಿಷಕ್ಕೆ ಒಂದೇ ಸಮನೆ ಏರುತ್ತಿದ್ದವು. ಯಾವಾಗಲೋ ಒಮ್ಮೆ ಎಡವಿದ್ದರೆ ಗೆರೆ ಮೆಟ್ಟಿಲಿನ ಹಾಗೆ ಇರಬೇಕಿತ್ತು. ಇದು ನೆಟ್ಟಗೆ ಇತ್ತು. ಅಂದರೆ ಆಡಿಯೋದ ಪ್ರತಿ ಫ್ರೇಮ್‌ನಲ್ಲೂ, ಧ್ವನಿಯನ್ನು ಕಟ್ಟಿಟ್ಟ ಪ್ರತಿ ಪುಟ್ಟ ಕಂತೆಯಲ್ಲೂ, ಏನೋ ಒಂದಿಷ್ಟು ಸೋರುತ್ತಿದೆ. ಸಾಮಾನ್ಯವಾಗಿ ಎಎಸಿಯ ಒಂದು ಫ್ರೇಮ್‌ನಲ್ಲಿ 1,024 ಸ್ಯಾಂಪಲ್ ಇರುತ್ತದೆ. 48,000 ಹರ್ಟ್ಸ್‌ನಲ್ಲಿ ಒಂದು ಗಂಟೆಗೆ 1,68,750 ಫ್ರೇಮ್. 56 ಮಿಲಿಸೆಕೆಂಡನ್ನು ಅಷ್ಟು ಫ್ರೇಮ್‌ಗೆ ಹಂಚಿದೆ. ಫ್ರೇಮ್‌ಗೆ 0.33 ಮೈಕ್ರೋಸೆಕೆಂಡ್ ಬಂತು.

ಮೂರರಲ್ಲಿ ಒಂದು ಭಾಗ. ಅದನ್ನು ನೋಡಿದ ಕೂಡಲೇ ಎದ್ದು ನಿಂತೆ.

1,024ನ್ನು 48,000ದಿಂದ ಭಾಗಿಸಿದರೆ ಒಂದು ಫ್ರೇಮ್ 21,333.33 ಮೈಕ್ರೋಸೆಕೆಂಡ್ ಓಡುತ್ತದೆ. ನಮ್ಮ ಕೋಡ್ ಅದನ್ನು ಪೂರ್ಣಾಂಕದಲ್ಲಿ ಇಟ್ಟುಕೊಂಡಿತ್ತು, 21,333. ದಶಾಂಶದ ಬಾಲ ಕತ್ತರಿಸಿಹೋಗಿತ್ತು. ಪ್ರತಿ ಫ್ರೇಮ್ ಆದಾಗಲೂ ಗಡಿಯಾರಕ್ಕೆ ಆ 21,333 ಕೂಡಿಸುತ್ತಾ ಹೋಗುತ್ತಿದ್ದೆವು. ಗಡಿಯಾರ ನಿಜಕ್ಕಿಂತ ಚೂರು ಚೂರೇ ಹಿಂದೆ ಬೀಳುತ್ತದೆ, ಅದನ್ನು ನಂಬಿದ ವಿಡಿಯೋ ತಡವಾಗುತ್ತದೆ. ಸೀಕ್ ಮಾಡಿದಾಗ ಮಾತ್ರ ಫೈಲ್‌ನ ಟೈಮ್‌ಸ್ಟ್ಯಾಂಪ್‌ನಿಂದ ಗಡಿಯಾರ ಹೊಸದಾಗಿ ಶುರುವಾಗುತ್ತದೆ. ಬಗ್ ಮಾಯ.

ಎಸಿ-3 ಯಾಕೆ ಸರಿಯಿತ್ತು? ಅದರ ಫ್ರೇಮ್‌ನಲ್ಲಿ 1,536 ಸ್ಯಾಂಪಲ್. 48,000ದಿಂದ ಭಾಗಿಸಿದರೆ ಸರಿಯಾಗಿ 32 ಮಿಲಿಸೆಕೆಂಡ್. ಓಪಸ್‌ನ ಫ್ರೇಮ್ ಹೆಚ್ಚಾಗಿ 20 ಮಿಲಿಸೆಕೆಂಡ್. ಎರಡಕ್ಕೂ ಬಾಲವೇ ಇಲ್ಲ, ಕತ್ತರಿಸಲು ಏನೂ ಸಿಗುವುದಿಲ್ಲ. 44,100 ಹರ್ಟ್ಸ್‌ನ ಎಎಸಿಯಲ್ಲಿ ಒಂದು ಫ್ರೇಮ್‌ಗೆ ಹೆಚ್ಚುಕಡಿಮೆ ಒಂದು ಪೂರ್ತಿ ಮೈಕ್ರೋಸೆಕೆಂಡೇ ಹೋಗುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ 148 ಮಿಲಿಸೆಕೆಂಡ್. ಹಾಗಾದರೆ ಅಂಥ ಫೈಲ್ ನೋಡುವವರು ಇನ್ನೂ ಬೇಗ ದೂರಬೇಕಿತ್ತಲ್ಲ ಅಂತ ಹಳೆಯ ಟಿಕೆಟ್‌ಗಳನ್ನು ಹುಡುಕಿದೆ. ಮೂವರು ದೂರಿದ್ದರು. ಮೂವರಿಗೂ "ನಮ್ಮಲ್ಲಿ ಹೀಗಾಗುತ್ತಿಲ್ಲ" ಅನ್ನುವ ಉತ್ತರ ಹೋಗಿತ್ತು. ಅವರಲ್ಲಿ ಯಾರೂ ಎರಡನೇ ಸಲ ಬರೆದಿರಲಿಲ್ಲ. ಈ ಇಡೀ ಪ್ರಸಂಗದಲ್ಲಿ ನನಗೆ ಜಾಸ್ತಿ ನೋವಾಗಿದ್ದು ಅಲ್ಲಿ.

ಆ ಸಾಲು ಬರೆದವರು ಯಾರು ಅಂತ ಗಿಟ್ ಬ್ಲೇಮ್ ಹಾಕಿದರೆ ನನ್ನ ಹೆಸರು ಬಂತು. ಮೂರು ವರ್ಷದ ಹಿಂದಿನ ಕಮಿಟ್. ಸಂದೇಶ ಒಂದೇ ಸಾಲು: "ಆಡಿಯೋ ಟೈಮ್‌ಸ್ಟ್ಯಾಂಪ್ ನಡುಕ ಸರಿಪಡಿಸಿದೆ." ಯಾವ ನಡುಕ, ಯಾವ ಫೈಲ್, ಯಾಕೆ ಹೀಗೆ ಸರಿಪಡಿಸಿದ್ದು, ಒಂದೂ ಇಲ್ಲ. ಬರೆದ ನನಗೇ ನೆನಪಿರಲಿಲ್ಲ.

ಆ ಕಮಿಟ್ ತೆಗೆದುಹಾಕಿದರೆ ಬಗ್ ಹೋಗುತ್ತಿತ್ತು. ರಿವರ್ಟ್ ಮಾಡುವ ಆಸೆಯೂ ಆಯಿತು. ತಡೆದುಕೊಂಡು ಹಳೆಯ ಟಿಕೆಟ್ ಹುಡುಕಿ ಓದಿದೆ. ಎಂಕೆವಿ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಟೈಮ್‌ಸ್ಟ್ಯಾಂಪ್ ಇರುವುದು ಮಿಲಿಸೆಕೆಂಡ್ ಲೆಕ್ಕದಲ್ಲಿ. 21.33 ಅನ್ನುವುದು ಅಲ್ಲಿ ಒಮ್ಮೆ 21, ಒಮ್ಮೆ 22 ಅಂತ ಬರುತ್ತದೆ. ಆಗಿನ ನಮ್ಮ ಕೋಡ್ ಆ ಕುಣಿತವನ್ನು ನಿಜವಾದ ವ್ಯತ್ಯಾಸ ಅಂದುಕೊಂಡು ತಿದ್ದಲು ಹೋಗಿ, ಧ್ವನಿಯಲ್ಲಿ ಚಟ್ ಚಟ್ ಅನ್ನಿಸುತ್ತಿತ್ತು. ಅದನ್ನು ತಪ್ಪಿಸಲು ನಾನು ಫೈಲ್‌ನ ಟೈಮ್‌ಸ್ಟ್ಯಾಂಪ್ ಬಿಟ್ಟು, ಶುರುವಿನದನ್ನು ಮಾತ್ರ ನಂಬಿ, ಮುಂದಕ್ಕೆ ಕೂಡಿಸುತ್ತಾ ಹೋಗುವ ಹಾಗೆ ಮಾಡಿದ್ದೆ. ಯೋಚನೆ ಸರಿಯಿತ್ತು, ಕೂಡಿಸಿದ ರೀತಿ ತಪ್ಪಾಗಿತ್ತು. ಸುಮ್ನೆ ರಿವರ್ಟ್ ಮಾಡಿದ್ದರೆ ಆ ಚಟಚಟ ವಾಪಸ್ ಬರುತ್ತಿತ್ತು, ಅದಕ್ಕೆ ಇನ್ನೊಬ್ಬರು ದೂರು ಬರೆಯುತ್ತಿದ್ದರು.

ಈಗ ಕೂಡಿಸುವುದು ಸ್ಯಾಂಪಲ್‌ಗಳನ್ನು. ಸ್ಯಾಂಪಲ್ ಯಾವಾಗಲೂ ಪೂರ್ಣಾಂಕ, ಅದರಲ್ಲಿ ಕಳೆದುಹೋಗಲು ಏನೂ ಇಲ್ಲ. ಸಮಯ ಬೇಕಾದಾಗ ಒಟ್ಟು ಸ್ಯಾಂಪಲ್‌ನಿಂದ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುತ್ತೇವೆ. ಬಾಲ ಕತ್ತರಿಸಿದರೂ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ತಪ್ಪು, ಅದು ಬೆಳೆಯುವುದಿಲ್ಲ.

ಇಷ್ಟೇ ಸಾಕು ಅಂದುಕೊಂಡಿದ್ದೆ. ರಿವ್ಯೂನಲ್ಲಿ ಜೊತೆಗಾರರೊಬ್ಬರು ಒಂದು ಪ್ರಶ್ನೆ ಕೇಳಿದರು: "ಫೈಲ್ ಮಧ್ಯೆ ಎರಡು ಸೆಕೆಂಡ್ ಆಡಿಯೋನೇ ಇಲ್ಲದಿದ್ದರೆ?" ನೇರ ಪ್ರಸಾರದ ರೆಕಾರ್ಡಿಂಗ್‌ಗಳಲ್ಲಿ ಹೀಗಾಗುತ್ತದೆ. ಸ್ಯಾಂಪಲ್ ಮಾತ್ರ ಎಣಿಸುತ್ತಾ ಕೂತರೆ ಆ ಎರಡು ಸೆಕೆಂಡ್ ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ನನಗೆ ಹೊಳೆದಿರಲಿಲ್ಲ. ಫೈಲ್‌ನ ಟೈಮ್‌ಸ್ಟ್ಯಾಂಪ್‌ಗೂ ನಮ್ಮ ಲೆಕ್ಕಕ್ಕೂ ಅಂತರ ಒಂದು ಮಿತಿ ದಾಟಿದರೆ ಫೈಲ್ ಹೇಳಿದ್ದನ್ನೇ ಒಪ್ಪಿಕೊಳ್ಳಬೇಕು ಅಂತ ಸೇರಿಸಿದೆವು. ಒಬ್ಬನೇ ಕೂತು ಪ್ಯಾಚ್ ಸೇರಿಸಿಬಿಟ್ಟಿದ್ದರೆ ಮೂರು ವರ್ಷದ ಹಿಂದಿನದೇ ಕಥೆ ಮತ್ತೆ ಆಗುತ್ತಿತ್ತು.

ಪ್ಯಾಚ್‌ಗಿಂತ ಅದರ ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯಿತು. ಪ್ರತಿ ಸಲ ಒಂದು ಗಂಟೆ ಕೂರಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಸೌಂಡ್ ಕಾರ್ಡ್ ಇಲ್ಲದೆ, ಡಿಕೋಡ್ ಆದ ಧ್ವನಿಯನ್ನು ಎಸೆಯುತ್ತಾ, ಮೂರು ಗಂಟೆಯ ಆಡಿಯೋವನ್ನು ಒಂದು ನಿಮಿಷದೊಳಗೆ ಓಡಿಸಿ ಗಡಿಯಾರ ಮಾತ್ರ ನೋಡುವ ಪರೀಕ್ಷೆ ಬರೆದೆ. 44,100ಕ್ಕೆ ಒಂದು, 48,000ಕ್ಕೆ ಒಂದು, ಮಧ್ಯೆ ಆಡಿಯೋ ಕಾಣೆಯಾದ ಫೈಲ್ ಒಂದು, ಹಳೆಯ ಚಟಚಟದ ಫೈಲ್ ಒಂದು. ಈಗ ಯಾರು ಆಡಿಯೋ ಕೋಡ್ ಮುಟ್ಟಿದರೂ ಈ ನಾಲ್ಕೂ ತಾನಾಗಿ ಓಡುತ್ತವೆ.

ಕಮಿಟ್ ಸಂದೇಶ ಈ ಸಲ ಇಪ್ಪತ್ತೆರಡು ಸಾಲು ಆಯಿತು. ಎಂಕೆವಿಯ 21, 22ರ ಕುಣಿತದಿಂದ ಹಿಡಿದು ಆ ಮೂರರಲ್ಲಿ ಒಂದು ಭಾಗದವರೆಗೆ ಎಲ್ಲವನ್ನೂ ಬರೆದೆ.

ಹೊಸ ಬಿಲ್ಡ್ ಸಿದ್ಧವಾದ ಮೇಲೆ ನಾಲ್ವರಿಗೂ ಬರೆದೆ. ಹಳೆಯ ಮೂವರಲ್ಲಿ ಇಬ್ಬರಿಂದ ಉತ್ತರ ಬರಲಿಲ್ಲ. ಒಬ್ಬರು ಬೇರೆ ಪ್ಲೇಯರ್‌ಗೆ ಹೋಗಿದ್ದರು, ಆದರೂ ಹಾಕಿಕೊಂಡು ನೋಡುತ್ತೇನೆ ಅಂದರು. ತುಟಿ ನೋಡಿ ಮಾತು ಹಿಡಿಯುವವರು ಎರಡು ದಿನ ಬಿಟ್ಟು ಉತ್ತರಿಸಿದರು: "ಎರಡು ಗಂಟೆ ನಲವತ್ತು ನಿಮಿಷ ನೋಡಿದೆ. ಒಂದು ಸಲವೂ ಹಿಂದಕ್ಕೆ ಹೋಗಲಿಲ್ಲ." ಟಿಕೆಟ್ ಮುಚ್ಚುವ ಕೆಲಸ ಈ ಸಲ ಅವರಿಗೇ ಬಿಟ್ಟೆ.