‘ಕಾಪಾಡಿ’ ಅನ್ನೋ ಮಾತು ಅಳಿಸಿದ ಮೇಲೆ

ನಾನು ಟಿವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ಮಕ್ಕಳ ಕಳ್ಳಸಾಗಣೆ ಬಗ್ಗೆ ಒಂದು ಸರಣಿಗೆ ಬರೆಯುವಾಗ ನಾನು ಎಡವಿದ ಜಾಗ ಒಂದಿದೆ. ಇಂಥ ಕಥೆ ಕೈಗೆತ್ತಿಕೊಳ್ಳುವವರಿಗೆ ಅದನ್ನು ಹೇಳಲೇಬೇಕು.

ಮೊದಲ ಕಂತಿನ ಕೊನೆಯ ದೃಶ್ಯ. ಪೊಲೀಸರು ಬಾಗಿಲು ಒಡೆದು ನುಗ್ಗುತ್ತಾರೆ. ಮೂಲೆಯಲ್ಲಿ ಕೈಕಾಲು ಕಟ್ಟಿಹಾಕಿದ 14 ವರ್ಷದ ಹುಡುಗಿ. ‘ಕಾಪಾಡಿ!’ ಎಂದು ಚೀರುತ್ತಾಳೆ. ಬರೆದು ಮುಗಿಸಿದಾಗ ನನ್ನ ಕಣ್ಣೇ ಒದ್ದೆಯಾಗಿತ್ತು. ಚೆನ್ನಾಗಿ ಬಂದಿದೆ ಅಂದುಕೊಂಡೆ.

ಇಂಥ ಜಾಲಗಳಿಂದ ಹೊರಬಂದ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಆಪ್ತಸಮಾಲೋಚಕಿಯೊಬ್ಬರನ್ನು ತಂಡ ಸಲಹೆಗೆಂದು ಕರೆಸಿತ್ತು. ಅವರು ದೃಶ್ಯವನ್ನು ಎರಡು ಸಲ ಓದಿದರು.

‘ಈ ಹುಡುಗಿ ಚೀರೋದಿಲ್ಲ’ ಅಂದರು.

‘ಮತ್ತೆ ಏನು ಹೇಳ್ತಾಳೆ ಮೇಡಂ?’

‘ನಾನೇ ಬಂದೆ ಅಂತಾಳೆ. ನನಗೆ 19 ವರ್ಷ ಅಂತಾಳೆ. ಕರ್ಕೊಂಡು ಬಂದವಳನ್ನ ಅಕ್ಕ ಅಂತಾಳೆ.’

ನಾನು ಬರೆದಿದ್ದ ಹಗ್ಗ, ಕತ್ತಲೆ ಕೋಣೆ, ವ್ಯಾನಿನೊಳಗೆ ಎಳೆದುಕೊಳ್ಳುವ ಗೂಂಡಾಗಳು ಎಲ್ಲ ಅಲ್ಲೇ ಬಿದ್ದುಹೋದವು. ಹಾಗೆ ಎಲ್ಲೂ ನಡೆಯೋದೇ ಇಲ್ಲ ಎಂದಲ್ಲ. ಆದರೆ ಜಾಸ್ತಿ ಮಕ್ಕಳು ಗುರುತಿನವರ ಕೈ ಹಿಡಿದೇ ಹೋಗುತ್ತಾರೆ. ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಗುರುತಿಸಿದ ಪ್ರಕರಣಗಳ ಮಾಹಿತಿ 2017ರಲ್ಲಿ ಹೊರಬಂದಾಗ, ಮಕ್ಕಳ ಕಳ್ಳಸಾಗಣೆಯ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಮನೆಯವರದ್ದೋ ನೆಂಟರದ್ದೋ ಕೈ ಇತ್ತು. ಕೆಲಸ ಕೊಡಿಸ್ತೀನಿ, ಓದಿಸ್ತೀನಿ ಅನ್ನುವವರ ಜೊತೆ ಮಗು ನಗುನಗುತ್ತಾ ಹೊರಡುತ್ತೆ. ನಮ್ಮ ವ್ಯಾನ್ ದೃಶ್ಯ ನೋಡಿದ ತಾಯಿ ಅಪರಿಚಿತರ ಬಗ್ಗೆ ಮಾತ್ರ ಎಚ್ಚರ ವಹಿಸ್ತಾಳೆ, ಅಲ್ವಾ? ಇದು ನನ್ನನ್ನು ತುಂಬಾ ಕಾಡಿತು.

ಹಗ್ಗ ಇಲ್ಲದಿದ್ದರೆ ಮಗು ಓಡಿಹೋಗೋದಿಲ್ವಾ? ನಿರ್ದೇಶಕರು ಇದನ್ನೇ ಕೇಳಿದರು. ಮೇಡಂ ಒಂದು ಲೆಕ್ಕದ ಪುಸ್ತಕದ ಬಗ್ಗೆ ಹೇಳಿದರು. ಕರೆತಂದ ಪ್ರಯಾಣದ ಖರ್ಚು ಮೊದಲ ಸಾಲು. ಆಮೇಲೆ ಬಟ್ಟೆ, ಊಟ, ಮಲಗುವ ಜಾಗದ ಬಾಡಿಗೆ. ಜ್ವರ ಬಂದರೆ ಔಷಧಿ. ಮಗು ದುಡಿದಷ್ಟೂ ಸಾಲ ಬೆಳೆಯುತ್ತೆ. ಲೆಕ್ಕ ಬರೆಯೋದು ಒಬ್ಬರೇ, ಮಗುವಿಗೆ ಕೂಡಿಸಿ ನೋಡಲು ಕೊಡುವುದಿಲ್ಲ. ಜೊತೆಗೆ ಬೆದರಿಕೆ: ನೀನು ಹೋದರೆ ಈ ಸಾಲ ನಿನ್ನ ತಂಗಿ ತೀರಿಸಬೇಕು. ಪೊಲೀಸರು ಹಿಡಿದರೆ ನಿನ್ನನ್ನೇ ಜೈಲಿಗೆ ಹಾಕ್ತಾರೆ. ಬಾಗಿಲು ತೆರೆದಿದ್ದರೂ ಮಗು ಹೊಸ್ತಿಲು ದಾಟೋದಿಲ್ಲ. ನಾವು ಹಗ್ಗ ತೆಗೆದು ಆ ಪುಸ್ತಕ ಇಟ್ಟೆವು. ಇಡೀ ಸರಣಿಯಲ್ಲಿ ಅದಕ್ಕಿಂತ ಭಯಂಕರವಾದ ವಸ್ತು ಬೇರೆ ಇಲ್ಲ.

ಆದರೂ ನನಗೊಂದು ಅಳುಕು. ಹುಡುಗಿ ‘ನಾನೇ ಬಂದೆ’ ಅಂದರೆ ನೋಡುವವರು ‘ಹಾಗಾದರೆ ಅವಳದ್ದೇ ತಪ್ಪು’ ಅಂದುಬಿಟ್ಟರೆ? ಇದಕ್ಕೆ ಕಾನೂನಿನಲ್ಲೇ ಉತ್ತರ ಇದೆ. 2000ನೇ ಇಸವಿಯ ವಿಶ್ವಸಂಸ್ಥೆಯ ಪಲೆರ್ಮೊ ಒಪ್ಪಂದದ ಪ್ರಕಾರ, 18 ತುಂಬದವರನ್ನು ದುಡಿಸಿ ಶೋಷಿಸುವ ಉದ್ದೇಶದಿಂದ ಕರೆದೊಯ್ದರೆ ಸಾಕು, ಅದು ಕಳ್ಳಸಾಗಣೆ. ಬಲವಂತ, ಮೋಸ ಇತ್ತು ಎಂದು ಸಾಬೀತು ಮಾಡಬೇಕಿಲ್ಲ. ಮಗು ಒಪ್ಪಿತ್ತು ಅನ್ನೋ ಮಾತು ಲೆಕ್ಕಕ್ಕೇ ಬರೋದಿಲ್ಲ.

ಇದನ್ನು ಮಹಿಳಾ ಅಧಿಕಾರಿಯ ಪಾತ್ರದ ಬಾಯಲ್ಲಿ ಒಂದೂವರೆ ಪುಟ ಹೇಳಿಸಿದೆ. ಪಾಠ ಓದಿದಂತೆ ಇತ್ತು. ಪೂರ್ತಿ ಹೊಡೆದುಹಾಕಿದೆ. ಅದರ ಬದಲು ಆಕೆ ಹುಡುಗಿಯ ಮಟ್ಟಕ್ಕೆ ನೆಲದ ಮೇಲೆ ಕೂರುತ್ತಾಳೆ. ‘ಶಾಲೇಲಿ ನಿನ್ನ ಪಕ್ಕ ಯಾರು ಕೂರ್ತಿದ್ರು?’ ಅಂತ ಕೇಳುತ್ತಾಳೆ, ಅಷ್ಟೇ. 19 ಎಂದ ಹುಡುಗಿಗೆ ಗೆಳತಿಯ ಹೆಸರು ಹೇಳಲು ಹೋಗಿ ಗಂಟಲು ಕಟ್ಟುತ್ತೆ. ಆ ಎರಡು ಸಾಲಿಗೆ ನಾಲ್ಕು ದಿನ ಹಿಡಿಯಿತು.

ಕ್ಯಾಮೆರಾ ಮುಂದೆಯೂ ಒಂದು ಮಗು ಇದೆ ಅನ್ನೋದನ್ನು ನಾವು ತಡವಾಗಿ ಯೋಚಿಸಿದೆವು. ಅದು ನಮ್ಮ ತಪ್ಪೇ. ಆಮೇಲೆ ಬಾಲನಟಿಯ ತಾಯಿ ಸೆಟ್ಟಿನಲ್ಲಿ ಸದಾ ಜೊತೆಗಿದ್ದರು. ಕೆಟ್ಟ ಪಾತ್ರದ ನಟರನ್ನು ಮೊದಲೇ ಪರಿಚಯ ಮಾಡಿಸಿದೆವು. ಬೆದರಿಸುವ ಮಾತುಗಳನ್ನು ಅವಳು ಇಲ್ಲದಾಗ ಬೇರೆಯಾಗಿ ಚಿತ್ರೀಕರಿಸಿದೆವು. ದೌರ್ಜನ್ಯವನ್ನು ಎಲ್ಲೂ ತೋರಿಸಲಿಲ್ಲ. ಅದನ್ನು ತೋರಿಸಬೇಕು ಅಂತ ಹಟ ಹಿಡಿಯುವವರ ಜೊತೆ ನಾನು ಇನ್ನು ಕೆಲಸ ಮಾಡೋದಿಲ್ಲ.

ಕೊನೆಯ ದೃಶ್ಯದ ದಿನ ಆ ಹುಡುಗಿ ನನ್ನ ಹತ್ತಿರ ಬಂದಳು. ‘ಸಾರ್, ಇವಳು ಯಾಕೆ ಸುಳ್ಳು ಹೇಳ್ತಾಳೆ?’ ಅಂತ ಕೇಳಿದಳು.

‘ಅವಳಿಗೆ ಆ ಅಕ್ಕನ್ನ ಕಂಡ್ರೆ ಭಯಾನೂ ಇದೆ, ಪ್ರೀತೀನೂ ಇದೆ ಪುಟ್ಟಾ’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಟೇಕ್‌ನಲ್ಲಿ ‘ನಾನೇ ಬಂದೆ’ ಅನ್ನುವಾಗ ಅಧಿಕಾರಿಯ ಮುಖ ನೋಡಲಿಲ್ಲ. ಆ ಅಕ್ಕ ಹೊರಗೆ ಹೋಗಿದ್ದ ಬಾಗಿಲನ್ನೇ ನೋಡುತ್ತಾ ಹೇಳಿದಳು. ಅದನ್ನು ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.