ಕ್ಯಾಲಿಫೋರ್ನಿಯಾದ ಗುಡ್ಡದಲ್ಲಿ ಹಳು ಸವರುವ ಆಡು, ನಮ್ಮ ಬೇಣಕ್ಕೆ ಬಂದರೆ

ತೀರ್ಥಹಳ್ಳಿ, ಸಾಗರ, ಸೊರಬದ ಕಡೆ ತೋಟದಂಚಿನ ಬೇಣದಲ್ಲಿ, ಅಂದರೆ ಸೊಪ್ಪು ಹುಲ್ಲಿಗೆ ಬಿಟ್ಟ ಜಾಗದಲ್ಲಿ, ಹಳು ಸವರಲು ಆಳು ಸಿಗದವರಿಗೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಓಕ್ಲೆಂಡ್ ಗುಡ್ಡಗಳಲ್ಲಿ 1991ರ ಅಕ್ಟೋಬರಿನ ಬೆಂಕಿಗೆ 25 ಜನ ಸತ್ತರು. ಬೆಂಕಿಗೆ ಮೇವಾಗುವ ಪೊದೆ ಬೆಳೆಯದಂತೆ ಈಗ ಆ ಇಳಿಜಾರುಗಳಿಗೆ ಆಡು ಬಿಡುತ್ತಾರೆ. ಯಂತ್ರ ಹತ್ತದ ಕಡೆ ಆಡು ಹತ್ತುತ್ತದೆ. ಪಾಯ್ಸನ್ ಓಕ್ ಎಂಬ ಗಿಡ ನಮ್ಮ ಚೇರಿನ ಕುಟುಂಬದ್ದೇ, ತಾಗಿದರೆ ಮೈಯೆಲ್ಲ ಬೊಕ್ಕೆ. ಅದನ್ನೂ ಆಡು ನೆಮ್ಮದಿಯಿಂದ ಮೇಯುತ್ತದೆ.

ಈ ಕೆಲಸದ ಜೀವಾಳ ಬೇಲಿ. ದಟ್ಟ ಪೊದೆಯ ಒಂದು ಎಕರೆಗೆ ಸುಮಾರು 300 ಆಡು ಒಂದು ದಿನ. 30 ಆಡಾದರೆ ಹತ್ತು ದಿನ. ಅಷ್ಟೇ ಆಡುಗಳನ್ನು ಐದೆಕರೆಗೆ ಬಿಟ್ಟರೆ ರುಚಿಯಾದ್ದನ್ನು ಆರಿಸಿ ತಿಂದು, ಬಿಟ್ಟ ಕಳೆಗೆ ಜಾಗ ಮಾಡಿಕೊಡುತ್ತವೆ. ಇಲ್ಲಿ ಬಳಸುವುದು 50 ಮೀಟರ್ ಸುರುಳಿಯ, ಮೀಟರಿಗಿಂತ ತುಸು ಎತ್ತರದ ವಿದ್ಯುತ್ ಬಲೆ. ನಮ್ಮಲ್ಲಿ ತೋಟಕ್ಕೆ ಹಾಕುವ ಐಬೆಕ್ಸ್ ವಿದ್ಯುತ್ ಬೇಲಿಯದೇ ತತ್ವ. 4,000 ವೋಲ್ಟ್ ಇದ್ದರೆ ಆಡು ಗೌರವ ಕೊಡುತ್ತದೆ. ಬಲೆ ಹಾಯುವ ಗೆರೆಯನ್ನು ಮೊದಲೇ ಮೂರಡಿ ಅಗಲ ಸವರಿಕೊಳ್ಳಬೇಕು. ಇಲ್ಲಿನ ಒಣ ಮಣ್ಣಿನಲ್ಲಿ ಅರ್ಥಿಂಗ್ ಸಿಗದೆ ರಾಡಿನ ಬುಡಕ್ಕೆ ನೀರು ಹೊಯ್ಯಬೇಕಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಕಷ್ಟ ಬೇರೆ: ಒದ್ದೆ ಸೊಪ್ಪು ತಂತಿಗೆ ತಾಗಿ ಕರೆಂಟ್ ಸೋರಿಹೋಗುತ್ತದೆ. ಹಿಂದೆಂದೂ ಬಲೆ ಕಾಣದ ಆಡನ್ನು ಗಟ್ಟಿ ದೊಡ್ಡಿಯೊಳಗೆ ಎರಡು ದಿನ ಪಳಗಿಸಿ, ಇಲ್ಲವಾದರೆ ಕೊಂಬು ಸಿಕ್ಕಿಸಿಕೊಂಡು ಒದ್ದಾಡುತ್ತದೆ.

ಒಂದು ಸಲ ಮೇಯಿಸಿದರೆ ಪೊದೆ ಸಾಯುವುದಿಲ್ಲ, ಬೇರಿನಲ್ಲಿ ಕೂಡಿಟ್ಟದ್ದು ಇರುತ್ತದೆ. ಚಿಗುರು ಗೇಣುದ್ದ ಬಂದಾಗ ಮತ್ತೆ ಬಿಡಬೇಕು. ವರ್ಷಕ್ಕೆ ಎರಡು ಮೂರು ಸಲದಂತೆ, ಎರಡು ಮೂರು ವರ್ಷ.

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ದಯವಿಟ್ಟು ನಂಬಬೇಡಿ. ಲಂಟಾನದಲ್ಲಿರುವ ಲಂಟಾಡೀನ್ ಆಡಿನ ಯಕೃತ್ತನ್ನು ಕೆಡಿಸುತ್ತದೆ. ಕಾಮಾಲೆಯಾಗಿ, ಬಿಸಿಲಿಗೆ ಚರ್ಮ ಸುಲಿದು ಸಾಯಬಹುದು. ಹೊಟ್ಟೆ ತುಂಬಿದ ಆಡು ಅದರ ಗೊಡವೆಗೆ ಹೋಗುವುದು ಕಡಿಮೆ. ಹಸಿದದ್ದನ್ನು ಲಂಟಾನವೇ ತುಂಬಿದ ಬೇಣದಲ್ಲಿ ಕೂಡಿದರೆ ತಿಂದೇ ತಿನ್ನುತ್ತದೆ. ಲಂಟಾನವನ್ನು ಗುದ್ದಲಿಯಿಂದ ಬುಡಸಮೇತ ಕಿತ್ತೇ ತೆಗೆಯಬೇಕು. ಕಮ್ಯುನಿಸ್ಟ್ ಗಿಡ ಎಂದು ಕರೆಯುವ ಯುಪಟೋರಿಯಂ ಕಳೆಯನ್ನೂ ಆಡಿಗೆ ವಹಿಸಬೇಡಿ. ಸೀಗೆ, ಕವಳಿ, ಎಲಚಿ, ಹಬ್ಬುವ ಬಳ್ಳಿಗಳು ಆಡಿನ ಪಾಲು. ತೋಟದೊಳಕ್ಕಂತೂ ಬೇಡವೇ ಬೇಡ: ಹಿಂಗಾಲ ಮೇಲೆ ನಿಂತು ಐದಾರು ಅಡಿ ಎಟುಕುವ ಬಾಯಿಗೆ ಅಡಿಕೆ ಸಸಿಯೂ ಒಂದೇ, ಮೆಣಸಿನ ಬಳ್ಳಿಯೂ ಒಂದೇ.

ಜಂತುಹುಳದ ಮರಿಗಳು ಹುಲ್ಲಿನ ಬುಡದ ನಾಲ್ಕಂಗುಲದಲ್ಲೇ ಹೆಚ್ಚು. ಎತ್ತರದ ಸೊಪ್ಪು ಮೇಯುವವರೆಗೆ ಭಯ ಕಡಿಮೆ, ಸೊಪ್ಪು ಮುಗಿದ ದಿನವೇ ಬೇಲಿ ಸರಿಸಿ. ಕೆಳರೆಪ್ಪೆಯ ಒಳಭಾಗ ಬಿಳುಚಿದ್ದರೆ ರಕ್ತ ಹೀರುವ ಹುಳ ಹೊಕ್ಕಿದೆ ಎಂದು ತಿಳಿದು ಪಶುವೈದ್ಯರಿಗೆ ತೋರಿಸಿ. ರಾತ್ರಿ ಕಾವಲಿಗೆ ಇಲ್ಲಿ ಗ್ರೇಟ್ ಪಿರನೀಸ್ ನಾಯಿಗಳಿವೆ. ಚಿರತೆ ನಾಯಿಯನ್ನೇ ಹೊತ್ತೊಯ್ಯುವ ನಮ್ಮೂರಲ್ಲಿ ಕತ್ತಲಾಗುವ ಮುಂಚೆ ಕೊಟ್ಟಿಗೆಯೇ ಸರಿ.

ಮಳೆ ಹಿಂದೆಗೆದ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣುಗಿನ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ ಅದು. ಮಂಗ ಸತ್ತ ಸುದ್ದಿ ಬಂದ ಕಾಡಿನಂಚಿಗೆ ಆಗ ಆಡು ಒಯ್ಯಬಾರದು. ಉಳಿದೆಡೆ ಕಾಯುವವರು ಉಣುಗನ್ನು ದೂರವಿಡುವ ಡೇಪಾ ತೈಲ ಹಚ್ಚಿಕೊಂಡು ಹೋಗಲಿ, ಸಂಜೆ ಆಡಿನ ಕಿವಿ, ಬಾಲದಡಿ ನೋಡಿ, ಉಣುಗನ್ನು ಬರಿಗೈಯಲ್ಲಿ ಹಿಸುಕದೆ ಚಿಮಟದಲ್ಲಿ ಕೀಳಲಿ.