ಜಿಟ್ಟರ್ ಕಂಡ ತಕ್ಷಣ ಪಿಎಲ್‌ಎಲ್‌ಗೆ ಕೈ ಹಾಕಬೇಡಿ

ಡಿವಿಡಿ ಡ್ರೈವ್‌ಗಳ ಫರ್ಮ್‌ವೇರ್ ತಂಡದಲ್ಲಿ ನನ್ನ ಪಾಲಿಗೆ ಬಂದಿದ್ದು ರೀಡ್ ಚಾನೆಲ್. ಲೇಸರ್ ತಂದುಕೊಡುವ ಸಿಗ್ನಲ್‌ನಿಂದ ಸೊನ್ನೆ-ಒಂದುಗಳನ್ನು ಹೊರತೆಗೆಯುವ ಭಾಗ ಅದು. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲೇ ಹೇಳುವ ಮಾತು ಒಂದೇ. ಟೈಮಿಂಗ್ ಕೆಟ್ಟಂತೆ ಕಂಡರೆ ಕ್ಲಾಕ್ ಕಡೆಯೇ ತಪ್ಪು ಇರಬೇಕು ಅಂತೇನಿಲ್ಲ.

ಡಿಸ್ಕ್‌ನಿಂದ ಓದುವಾಗ ಡೇಟಾ ಜೊತೆಗೆ ಕ್ಲಾಕ್ ಬೇರೆಯಾಗಿ ಬರುವುದಿಲ್ಲ. ಡಿಸ್ಕ್ ಮೇಲಿನ ಸಣ್ಣ ಗುರುತು, ಅಂದರೆ ಪಿಟ್, ಶುರುವಾಗುವ, ಮುಗಿಯುವ ಅಂಚುಗಳನ್ನು ನೋಡಿಯೇ ಪಿಎಲ್‌ಎಲ್ (ಸಿಗ್ನಲ್‌ನ ಲಯಕ್ಕೆ ತನ್ನ ಕ್ಲಾಕ್ ಹೊಂದಿಸಿಕೊಳ್ಳುವ ಸರ್ಕ್ಯೂಟ್) ಕ್ಲಾಕ್ ಹಿಡಿಯಬೇಕು, ಭಜನೆಯಲ್ಲಿ ತಾಳ ಹಾಕುವವರು ಹಾಡುವವರ ಲಯ ಹಿಡಿಯುವ ಹಾಗೆ. ಡಿವಿಡಿಯ ಮೂಲ ವೇಗದಲ್ಲಿ ಒಂದು ಬಿಟ್‌ಗೆ, ಅಂದರೆ 1ಟಿಗೆ, ಸಿಗುವುದು ಸುಮಾರು 38 ನ್ಯಾನೋಸೆಕೆಂಡ್. ಅಂಚುಗಳ ಅಲುಗಾಟ, ಅಂದರೆ ಜಿಟ್ಟರ್, ಅದರ 8%ಗಿಂತ ಕಡಿಮೆ ಇರಬೇಕು ಅನ್ನುತ್ತದೆ ಸ್ಟ್ಯಾಂಡರ್ಡ್. ಲೆಕ್ಕ ಹಾಕಿದರೆ ಬರೀ 3 ನ್ಯಾನೋಸೆಕೆಂಡ್!

ಒಮ್ಮೆ ಕೆಲವು ರೆಕಾರ್ಡಬಲ್ ಡಿಸ್ಕ್‌ಗಳು ಟೆಸ್ಟಿಗೆ ಬಂದವು. ಪಿಎಲ್‌ಎಲ್ ಲಾಕ್ ಆಗುತ್ತಿತ್ತು, ಅಂದರೆ ಲಯ ಹಿಡಿಯುತ್ತಿತ್ತು, ಆದರೆ ಜಿಟ್ಟರ್ ಜಾಸ್ತಿ, ಎರರ್ ಕೂಡ ಜಾಸ್ತಿ. ಪಿಎಲ್‌ಎಲ್ ಬ್ಯಾಂಡ್‌ವಿಡ್ತ್ ಹೆಚ್ಚಿಸೋಣ, ಅಂದರೆ ಬದಲಾವಣೆಗಳನ್ನು ಇನ್ನೂ ಬೇಗ ಹಿಂಬಾಲಿಸುವಂತೆ ಮಾಡೋಣ ಅಂತ ತಂಡದಲ್ಲಿ ಮಾತು ಬಂತು. ನಮ್ಮ ಸೀನಿಯರ್ ಮೇಡಂ ಒಪ್ಪಲಿಲ್ಲ. "ಮೊದಲು ಹಿಸ್ಟೋಗ್ರಾಂ ತೆಗೀರಿ. ಪಿಟ್ ಬೇರೆ, ಲ್ಯಾಂಡ್ ಬೇರೆ ಮಾಡಿ ತೋರಿಸಿ" ಅಂದರು. ಹಿಸ್ಟೋಗ್ರಾಂ ಅಂದರೆ ಯಾವ ಉದ್ದ ಎಷ್ಟು ಸಲ ಬಂತು ಅನ್ನುವ ನಕ್ಷೆ; ಲ್ಯಾಂಡ್ ಅಂದರೆ ಪಿಟ್‌ಗಳ ನಡುವಿನ ಜಾಗ.

ತೆಗೆದು ನೋಡಿದರೆ ಎಲ್ಲಾ ಅಲ್ಲೇ ಇತ್ತು. ಪಿಟ್, ಲ್ಯಾಂಡ್‌ಗಳ ಉದ್ದ 3ಟಿಯಿಂದ 11ಟಿವರೆಗೆ, ಪ್ರತಿ ಅಳತೆಗೂ ಒಂದೊಂದು ಗುಡ್ಡ. ಪಿಟ್‌ಗಳ ಗುಡ್ಡಗಳೆಲ್ಲ ಒಂದೇ ಪ್ರಮಾಣದಲ್ಲಿ ಬಲಕ್ಕೆ, ಲ್ಯಾಂಡ್‌ಗಳದ್ದೆಲ್ಲ ಅಷ್ಟೇ ಎಡಕ್ಕೆ ಸರಿದಿದ್ದವು. ಬಿಡಿಬಿಡಿಯಾಗಿ ನೋಡಿದರೆ ಗುಡ್ಡಗಳು ತೆಳ್ಳಗೇ ಇವೆ. ಎರಡನ್ನೂ ಸೇರಿಸಿದ್ದಕ್ಕೆ ಅಗಲವಾಗಿ, ಜಿಟ್ಟರ್ ಥರ ಕಾಣುತ್ತಿತ್ತು.

ಬರೆಯುವಾಗ ಲೇಸರ್ ಪವರ್ ಜಾಸ್ತಿಯಾದರೆ ಪಿಟ್‌ಗಳು ಉದ್ದವಾಗುತ್ತವೆ. ಸಿಗ್ನಲ್ ತನ್ನ ನಡುಗೆರೆಯನ್ನು, ಅಂದರೆ ಸ್ಲೈಸ್ ಲೆವೆಲ್ ಅನ್ನು, ದಾಟಿದ ಕ್ಷಣವನ್ನೇ ನಾವು ಅಂಚು ಅನ್ನುತ್ತೇವೆ. ಪಿಟ್ ಉದ್ದವಾದಾಗ ಆ ಗೆರೆ ಹಳೇ ಜಾಗದಲ್ಲೇ ಇದ್ದರೆ ಆಗುವುದಿಲ್ಲ. ಅಂಚುಗಳು ಇಳಿಜಾರಾಗಿರುವುದರಿಂದ ಎತ್ತರದ ತಪ್ಪು ನೇರವಾಗಿ ಸಮಯದ ತಪ್ಪಾಗುತ್ತದೆ. ಅದೃಷ್ಟಕ್ಕೆ ಡಿವಿಡಿಯ ಕೋಡ್‌ನಲ್ಲಿ ಸಿಗ್ನಲ್ ಗೆರೆಯ ಮೇಲಿರುವ ಹೊತ್ತು, ಕೆಳಗಿರುವ ಹೊತ್ತು ಒಟ್ಟಾರೆ ಸಮ ಇರುತ್ತದೆ. ಆ ಸಮತೋಲ ನೋಡಿಕೊಂಡೇ ಸ್ಲೈಸ್ ಲೆವೆಲ್ ತಾನಾಗಿ ಸರಿಯುತ್ತದೆ. ನಮ್ಮಲ್ಲಿ ಅದು ಎಷ್ಟು ಸರಿಯಬಹುದು ಅನ್ನುವ ಮಿತಿ ಬಿಗಿಯಾಗಿತ್ತು. ಸಡಿಲಿಸಿದೆವು, ಗುಡ್ಡಗಳು ಒಂದರ ಮೇಲೊಂದು ಕೂತವು.

3ಟಿ ಮಾತ್ರ ಇನ್ನೂ ಸ್ವಲ್ಪ ಅಗಲವಾಗಿತ್ತು. ಅದಕ್ಕೆ ಕಾರಣ ಬೇರೆ. 3ಟಿ ಪಿಟ್‌ನ ಉದ್ದ 0.4 ಮೈಕ್ರಾನ್, ಲೇಸರ್ ಚುಕ್ಕೆ ಅದಕ್ಕಿಂತ ದೊಡ್ಡದು. ಹಾಗಾಗಿ ಅಕ್ಕಪಕ್ಕದ ಪಿಟ್‌ಗಳೂ ಸಿಗ್ನಲ್‌ನಲ್ಲಿ ಬೆರೆಯುತ್ತವೆ. ಸಣ್ಣ ಪಿಟ್‌ಗಳ ಕ್ಷೀಣ ಸಿಗ್ನಲ್ ಎತ್ತಿಕೊಡುವ ಫಿಲ್ಟರ್, ಅಂದರೆ ಈಕ್ವಲೈಸರ್, ಅದರ ಬೂಸ್ಟ್ ಸ್ವಲ್ಪ ಏರಿಸಿದರೆ ಸಾಕು. ಜಾಸ್ತಿ ಏರಿಸಿದರೆ ನಾಯ್ಸ್ ಕೂಡ ಏರುತ್ತದೆ.

ಇಷ್ಟಾದ ಮೇಲೇ ಪಿಎಲ್‌ಎಲ್ ಸರದಿ. ಬ್ಯಾಂಡ್‌ವಿಡ್ತ್ ಮೊದಲೇ ಹೆಚ್ಚಿಸಿದ್ದರೆ ಸರಿದ ಅಂಚುಗಳ ಹಿಂದೆಲ್ಲ ಕ್ಲಾಕ್ ಓಡುತ್ತಿತ್ತು. ಪಿಎಲ್‌ಎಲ್ ಹಿಂಬಾಲಿಸಬೇಕಾದ್ದು ನಿಧಾನದ ಬದಲಾವಣೆಯನ್ನು. 25 ಮಿಲಿಮೀಟರ್ ತ್ರಿಜ್ಯದಲ್ಲಿ ಡಿಸ್ಕ್‌ನ ನಡು 50 ಮೈಕ್ರಾನ್ ತಪ್ಪಿದ್ದರೆ, ಪ್ರತಿ ಸುತ್ತಿನಲ್ಲೂ ವೇಗ 0.2% ಮೇಲೆ-ಕೆಳಗೆ ಆಗುತ್ತದೆ. ಅದನ್ನು ಪಿಎಲ್‌ಎಲ್ ಆರಾಮಾಗಿ ಹಿಡಿಯುತ್ತದೆ.

ಗೀರು ಬಂದಾಗ ಮಾತ್ರ ಅದು ಹಿಂಬಾಲಿಸುವುದನ್ನು ನಿಲ್ಲಿಸಿ, ಕೊನೆಗೆ ಹಿಡಿದ ಫ್ರೀಕ್ವೆನ್ಸಿಯಲ್ಲೇ ಇರಬೇಕು. ಅಲ್ಲಿ ಹಾಳಾದ ಬೈಟ್‌ಗಳನ್ನು ರೀಡ್-ಸಾಲೊಮನ್ ಅನ್ನುವ ಎರರ್ ತಿದ್ದುವ ಕೋಡ್ ಸರಿಪಡಿಸಬಲ್ಲದು. ಕ್ಲಾಕ್ ಒಂದೇ ಒಂದು ಬಿಟ್ ಜಾರಿದರೂ ಎಣಿಕೆ ಮತ್ತೆ ಶುರುಮಾಡಲು ಇಟ್ಟ ಗುರುತು, ಅಂದರೆ ಮುಂದಿನ 14ಟಿ ಸಿಂಕ್, ಸಿಗುವವರೆಗೆ ಬರುವುದೆಲ್ಲ ಕಸ.